ಒಂದೇ ಸೂಲಿನ ಆರು ಮರಿ, ನಾಲ್ಕು ಬಣ್ಣ: ತಂದೆ ಒಬ್ಬನೇ?

ಪ್ರಶ್ನೆ: ನಮ್ಮ ಮನೆ ಮಂಡ್ಯದಲ್ಲಿ. ನಾಲ್ಕು ವರ್ಷದ ಪೂಡಲ್ ಹೆಣ್ಣುನಾಯಿ ಪುಟ್ಟಿಯನ್ನು ಮೈಸೂರಿನ ಕುವೆಂಪುನಗರದಲ್ಲಿರುವ ಅಕ್ಕನ ಮನೆಯ ಕಾಕರ್ ಸ್ಪ್ಯಾನಿಯೆಲ್ ರಾಜನ ಜೊತೆ ಕೂಡಿಸಿದೆವು. ಪುಟ್ಟಿ ಮರಿಯಾಗಿದ್ದಾಗ ಇದ್ದಿಲಿನಷ್ಟು ಕಪ್ಪಗಿದ್ದಳು, ಈಗ ಬೂದಿ ಬೆರೆತ ಕಪ್ಪು. ರಾಜ ಅಪ್ಪಟ ಹೊಂಬಣ್ಣದವನು. ಆರು ಮರಿಗಳಾಗಿವೆ, ಐದು ವಾರ ತುಂಬಿದೆ. ಎರಡು ಕಪ್ಪು, ಅದರಲ್ಲಿ ಒಂದಕ್ಕೆ ಎದೆಯ ಮೇಲೆ ಬಿಳಿ ಗೆರೆ. ಎರಡು ರಾಜನ ಬಣ್ಣ. ಒಂದಕ್ಕೆ ಮೈಯೆಲ್ಲ ಕಪ್ಪು, ಹುಬ್ಬು, ಕೆನ್ನೆ, ಕಾಲುಗಳಲ್ಲಿ ಮಾತ್ರ ಕೆಂಗಂದು. ಇನ್ನೊಂದು ಬಿಳಿ ಮೈಯ ಮೇಲೆ ಹೊಂಬಣ್ಣದ ಹಂಡ ಇರುವ ಮರಿ. ಭಾವ ಇವನ್ನು ನೋಡಿ, “ಇವು ನಮ್ಮ ರಾಜನ ಮರಿಗಳಲ್ಲ, ಯಾವುದೋ ಬೀದಿ ನಾಯಿಯವು” ಎಂದುಬಿಟ್ಟರು. ಅಂದಿನಿಂದ ಎರಡು ಮನೆಗಳ ನಡುವೆ ಮಾತು ಕಡಿಮೆಯಾಗಿದೆ. ಇತ್ತ ಮರಿ ಮಾರುವವರೊಬ್ಬರು ಹುಬ್ಬಿನ ಮರಿ, ಹಂಡ ಮರಿ ಎರಡೂ ಅಪರೂಪ, ದುಪ್ಪಟ್ಟು ಬೆಲೆ ಸಿಗುತ್ತದೆ, ಮುಂದಿನ ಸಲ ಮರ್ಲ್ (ಬೂದು ಮೈಮೇಲೆ ಕಪ್ಪು ತೇಪೆಯ) ಗಂಡಿಗೆ ಕೂಡಿಸಿ ಎನ್ನುತ್ತಿದ್ದಾರೆ. ನಾವೇನು ಮಾಡಬೇಕು ಡಾಕ್ಟರೇ?

ಉತ್ತರ: ಮೊದಲು ನಿಮ್ಮ ಭಾವನವರ ಮಾತಿಗೆ ಬರುತ್ತೇನೆ, ಏಕೆಂದರೆ ಮರಿಗಳ ಬಣ್ಣಕ್ಕಿಂತ ಆ ಮಾತೇ ನಿಮ್ಮನ್ನು ಹೆಚ್ಚು ಕಾಡುತ್ತಿದೆ ಎಂದು ಕಾಣುತ್ತದೆ. ನೀವು ಬರೆದಿರುವ ಆರೂ ಮರಿಗಳು ಪುಟ್ಟಿ ಮತ್ತು ರಾಜ ಇಬ್ಬರಿಗೇ ಹುಟ್ಟಿರಬಹುದು. ಬಣ್ಣವನ್ನು ಮುಂದಿಟ್ಟುಕೊಂಡು ಬೀದಿ ನಾಯಿಯನ್ನು ಎಳೆದು ತರಲು ಯಾವ ಆಧಾರವೂ ಇಲ್ಲ. ಹೇಗೆ ಎಂಬುದನ್ನು ಬಿಡಿಸಿ ಹೇಳುತ್ತೇನೆ. ಭಾವನವರಿಗೂ ಓದಲು ಕೊಡಿ.

ನಾಯಿಯ ಮೈಯಲ್ಲಿರುವುದು ಎರಡೇ ಬಣ್ಣದ್ರವ್ಯ. ಒಂದು ಕಪ್ಪು, ಇನ್ನೊಂದು ಕೆಂಪು-ಹಳದಿ. ಕೆನೆ, ಹೊಂಬಣ್ಣ, ಕಡುಕೆಂಪು ಎಲ್ಲವೂ ಈ ಎರಡನೆಯದರ ದಟ್ಟಣೆಯ ವ್ಯತ್ಯಾಸ. ಬೂದು ಮತ್ತು ಚಾಕೊಲೇಟ್ ಕಂದು ಮೊದಲನೆಯದರ ರೂಪಗಳು. ಬಿಳಿ ಎಂಬುದು ಬಣ್ಣವೇ ಅಲ್ಲ, ಅಲ್ಲಿ ದ್ರವ್ಯವಿಲ್ಲ ಅಷ್ಟೆ. ಯಾವ ಕೂದಲಿಗೆ ಯಾವ ದ್ರವ್ಯ, ಎಷ್ಟು ಎಂದು ತೀರ್ಮಾನಿಸುವುದು ಹಲವು ವಂಶವಾಹಿಗಳು. ಪ್ರತಿ ವಂಶವಾಹಿಯೂ ಜೋಡಿಯಾಗಿರುತ್ತದೆ, ತಾಯಿಯಿಂದ ಒಂದು, ತಂದೆಯಿಂದ ಒಂದು.

ಈಗ ರಾಜನ ಮೂಗನ್ನು ನೆನಪಿಸಿಕೊಳ್ಳಿ. ನೀವು ಕಳಿಸಿದ ಫೋಟೊದಲ್ಲಿ ಅದು ಕಪ್ಪಗೆ ಮಿರುಗುತ್ತಿದೆ. ಮೈಯೆಲ್ಲ ಹೊಂಬಣ್ಣವಾಗಿದ್ದರೂ ಮೂಗು ಏಕೆ ಕಪ್ಪು? ಅವನ ಚರ್ಮಕ್ಕೆ ಕಪ್ಪು ತಯಾರಿಸಲು ಬರುತ್ತದೆ, ಕೂದಲಿಗೆ ಮಾತ್ರ ಬರುವುದಿಲ್ಲ. ಕೂದಲಲ್ಲಿ ಕಪ್ಪನ್ನು ತಡೆಯುವ ವಂಶವಾಹಿಯ ಎರಡು ಪ್ರತಿಗಳು ಅವನಲ್ಲಿವೆ. ಗೋಲ್ಡನ್ ರಿಟ್ರೀವರ್, ಹಳದಿ ಲ್ಯಾಬ್ರಡಾರ್, ಏಪ್ರಿಕಾಟ್ (ತಿಳಿ ಕಿತ್ತಳೆ) ಬಣ್ಣದ ಪೂಡಲ್‌ಗಳಲ್ಲಿಯೂ ಸಾಮಾನ್ಯವಾಗಿ ಇದೇ ಕಾರಣ. ಇಂಥ ನಾಯಿಯನ್ನು ಅಂಟಿಸಿದ ಲಕೋಟೆ ಎನ್ನಬಹುದು. ಕಪ್ಪು ಬಣ್ಣವನ್ನು ಎಲ್ಲಿ ಹಚ್ಚಬೇಕು, ಎಲ್ಲಿ ಬಿಡಬೇಕು ಎಂಬ ಸೂಚನೆಗಳೆಲ್ಲ ಒಳಗೆ ಬರೆದಿರುತ್ತವೆ, ಹಚ್ಚಲು ಕಪ್ಪೇ ಇಲ್ಲದ್ದರಿಂದ ಹೊರಗಿನಿಂದ ಓದಲಾಗುವುದಿಲ್ಲ. ಲಕೋಟೆ ತೆರೆಯುವುದು ಮರಿಗಳಲ್ಲಿ.

ಪುಟ್ಟಿಯ ಕಪ್ಪು ಇನ್ನೊಂದು ಬಗೆಯ ಮುಚ್ಚಳ. ಪೂಡಲ್‌ಗಳ ಕಪ್ಪು ಪ್ರಬಲ ಬಣ್ಣ. ಒಂದೇ ಪ್ರತಿ ಇದ್ದರೂ ಮೈಯನ್ನೆಲ್ಲ ಆವರಿಸುತ್ತದೆ. ಈ ವಂಶವಾಹಿಯನ್ನು ವಿಜ್ಞಾನಿಗಳು ಗುರುತಿಸಿದ್ದು 2007ರಲ್ಲಿ. ಇದರ ಅಡಿಯಲ್ಲಿ ಹುಬ್ಬು, ಕೆನ್ನೆ, ಕಾಲುಗಳಲ್ಲಿ ಕೆಂಗಂದು ಮೂಡಿಸುವ ನಮೂನೆ ತಲೆಮಾರುಗಟ್ಟಲೆ ಸದ್ದಿಲ್ಲದೆ ಇರಬಲ್ಲದು. ನಿಮ್ಮ ಹುಬ್ಬಿನ ಮರಿ ಹೇಳುತ್ತಿರುವುದು ಇಷ್ಟೇ: ಆ ನಮೂನೆ ಪುಟ್ಟಿಯಲ್ಲೂ ಅಡಗಿತ್ತು, ರಾಜನಲ್ಲೂ ಅಡಗಿತ್ತು, ಮತ್ತು ಈ ಮರಿಗೆ ತಾಯಿಯ ಪ್ರಬಲ ಕಪ್ಪು ಬರಲಿಲ್ಲ. ಕಾಕರ್ ಸ್ಪ್ಯಾನಿಯೆಲ್‌ಗಳಲ್ಲಿ ಈ ನಮೂನೆ ಚೆನ್ನಾಗಿ ಪರಿಚಿತ. ಪೂಡಲ್ ಸಾಕುವವರು ಇದನ್ನು ಫ್ಯಾಂಟಮ್ ಎಂದು ಕರೆಯುತ್ತಾರೆ.

ಲೆಕ್ಕ ಹಾಕಿಯೇ ನೋಡೋಣ. ಮರಿಗಳಲ್ಲಿ ಹೊಂಬಣ್ಣ ಬಂದಿರುವುದರಿಂದ ಪುಟ್ಟಿಯಲ್ಲಿ ಕಪ್ಪು ತಡೆಯುವ ಪ್ರತಿ ಒಂದಿದೆ ಎಂದಾಯಿತು. ಹಾಗಿದ್ದರೆ ರಾಜನೊಡನೆ ಕೂಡಿದಾಗ ಸರಾಸರಿ ಅರ್ಧ ಮರಿಗಳು ಹೊಂಬಣ್ಣದ ಮೂಲದವು. ಉಳಿದರ್ಧದಲ್ಲಿ ಕೆಲವು ಪೂರ್ತಿ ಕಪ್ಪು, ಕೆಲವು ಹುಬ್ಬಿನವು. ನಿಮ್ಮಲ್ಲಿ ಹೊಂಬಣ್ಣದ್ದು ಹಂಡ ಮರಿಯೂ ಸೇರಿ ಮೂರು, ಕಪ್ಪು ಎರಡು, ಹುಬ್ಬಿನದು ಒಂದು. ಇದಕ್ಕಿಂತ ಹೊಂದುವ ಸೂಲನ್ನು ನಾನು ಕೇಳಲಾರೆ.

ಇನ್ನು ಬಿಳಿಯ ವಿಚಾರ. ಕಪ್ಪು ಮರಿಯ ಎದೆಯ ಗೆರೆ ಮತ್ತು ಹಂಡ ಮರಿಯ ಬಿಳಿ ಒಂದೇ ಅಲ್ಲ. ಗರ್ಭದಲ್ಲಿ ಬಣ್ಣ ತಯಾರಿಸುವ ಕೋಶಗಳು ಹುಟ್ಟುವುದು ಬೆನ್ನುಹುರಿಯ ಗೆರೆಯ ಬಳಿ. ಅಲ್ಲಿಂದ ಅವು ಎರಡೂ ಪಕ್ಕಗಳಿಗೆ ಇಳಿಯುತ್ತಾ ಹೋಗಿ ಎದೆ, ಹೊಟ್ಟೆ, ಕಾಲ್ಬೆರಳು, ಬಾಲದ ತುದಿಯನ್ನು ಕೊನೆಗೆ ಮುಟ್ಟುತ್ತವೆ. ನಿಮಗೆ ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದ ಗದ್ದೆಗಳ ಪಾಡು ಗೊತ್ತಿರುತ್ತದೆ: ಮೇಲಿನವರಿಗೆಲ್ಲ ನೀರು ಸಿಕ್ಕಿ, ಕಡೆಯ ಗದ್ದೆಗೆ ತಲುಪುವಷ್ಟರಲ್ಲಿ ಹರಿವು ನಿಂತಿರುತ್ತದೆ. ಎದೆಯ ಗೆರೆ ಅಂಥದ್ದು. ಕಡೆಯ ನಾಲ್ಕು ಬೆರಳಗಲಕ್ಕೆ ಬಣ್ಣದ ಕೋಶ ತಲುಪಿಲ್ಲ. ಪೂರ್ತಿ ಒಂದೇ ಬಣ್ಣದ ತಂದೆತಾಯಿಗೂ ಇಂಥ ಮರಿ ಹುಟ್ಟುತ್ತದೆ, ಕೆಲವೊಮ್ಮೆ ಬೆಳೆದಂತೆ ಗೆರೆ ಸಣ್ಣದಾಗಿಯೂ ಕಾಣುತ್ತದೆ. ಹಂಡ ಮರಿಯಲ್ಲಿ ಆ ಕೋಶಗಳ ಪಯಣ ಮೊದಲಿನಿಂದಲೇ ಮೊಟಕಾಗಿದೆ. ಅದಕ್ಕೆ ಕಾರಣವಾದ ವಂಶವಾಹಿ ತಂದೆಯಿಂದೊಂದು, ತಾಯಿಯಿಂದೊಂದು ಬಂದಾಗ ಮಾತ್ರ ಬಣ್ಣ ಹೀಗೆ ತುಂಡುತುಂಡಾಗಿ ನಿಲ್ಲುತ್ತದೆ. ಒಂದೊಂದೇ ಪ್ರತಿ ಇರುವ ಪುಟ್ಟಿ, ರಾಜ ಇಬ್ಬರ ಮೈಮೇಲೂ ಅದರ ಗುರುತು ಕಾಣದೆ ಇರಬಹುದು. ಅಂಥ ಜೋಡಿಯಲ್ಲಿ ನಾಲ್ಕಕ್ಕೆ ಒಂದು ಮರಿ ಹಂಡವಾಗುವ ಸಾಧ್ಯತೆ. ನಿಮಗೆ ಆರಕ್ಕೆ ಒಂದು ಸಿಕ್ಕಿದೆ.

ಹಾಗಾದರೆ ಬೀದಿ ನಾಯಿ ತಂದೆಯಾಗಿದ್ದರೆ ಏನು ಕಾಣುತ್ತಿತ್ತು? ಇದು ಕೇಳಲೇಬೇಕಾದ ಪ್ರಶ್ನೆ, ಉತ್ತರ ಸಿಗುವುದೂ ಇಲ್ಲಿಯೇ. ಒಂದು ಹೊಂಬಣ್ಣದ ಮರಿಯನ್ನು ಬೆಳಗಿನ ಹತ್ತು ಗಂಟೆಯ ಬಿಸಿಲಿನಲ್ಲಿ ತೊಡೆಯ ಮೇಲೆ ಕೂರಿಸಿಕೊಳ್ಳಿ. ಬೆನ್ನಿನ ಕೂದಲಿಗೆ ಬಾಯಿಂದ ಮೆಲ್ಲಗೆ ಊದಿ. ಕೂದಲು ಹೂವಿನಂತೆ ಬಿಚ್ಚಿಕೊಂಡು ಬುಡ ಕಾಣುತ್ತದೆ. ಬುಡದಿಂದ ತುದಿಯವರೆಗೆ, ಕಿವಿಯ ಅಂಚು, ಬಾಲದ ಮೇಲ್ಭಾಗ, ಮೀಸೆಯವರೆಗೂ ಹುಡುಕಿ. ಒಂದಾದರೂ ಕಪ್ಪು ಕೂದಲು ಇದೆಯೇ? ನಮ್ಮ ಊರುಗಳ ಕೆಂಚು ಬೀದಿ ನಾಯಿಗಳ ಬಣ್ಣ ಬೇರೆ ಜಾತಿಯದು. ಅವುಗಳ ಕೂದಲಿಗೆ ಕಪ್ಪು ತಯಾರಿಸಲು ಬರುತ್ತದೆ, ಹಾಗಾಗಿ ಬೆನ್ನಿನ ಮೇಲೆ, ಬಾಲದಲ್ಲಿ, ಮೂತಿಯ ಸುತ್ತ ಕಪ್ಪು ತುದಿಗಳು ಸಿಗುತ್ತವೆ. ರಾಜನ ಬಗೆಯ ಹೊಂಬಣ್ಣದಲ್ಲಿ ಒಂದೂ ಸಿಗುವುದಿಲ್ಲ. ಸಿಗದಿದ್ದರೆ ಆ ಮರಿಯ ತಂದೆಯಲ್ಲಿಯೂ ಕಪ್ಪು ತಡೆಯುವ ವಂಶವಾಹಿ ಇರಲೇಬೇಕು. ಸಾಮಾನ್ಯ ಕೆಂಚು ಬೀದಿ ನಾಯಿಯಲ್ಲಿ ಅದು ಇರುವ ಸಂಭವ ಕಡಿಮೆ. ರಾಜನಲ್ಲಿ ಇರುವುದು ಖಚಿತ.

ಕಪ್ಪು ಮರಿಗಳಿಗೆ ಈ ಪರೀಕ್ಷೆ ನಡೆಯುವುದಿಲ್ಲ, ಅವುಗಳ ಕಪ್ಪು ತಾಯಿಯದು. ಅಲ್ಲಿ ನೋಡಬೇಕಾದದ್ದು ಕೂದಲಿನ ಉದ್ದ. 2009ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ನಾಯಿಗಳ ಕೂದಲಿನ ವೈವಿಧ್ಯದ ಬಹುಪಾಲನ್ನು ಮೂರೇ ವಂಶವಾಹಿಗಳಿಂದ ವಿವರಿಸಿತು: ಒಂದು ಉದ್ದಕ್ಕೆ, ಒಂದು ಗುಂಗುರಿಗೆ, ಒಂದು ಗಡ್ಡ-ಮೀಸೆ-ಹುಬ್ಬಿನ ಪೊದೆಗೆ. ಗಡ್ಡ ಪ್ರಬಲ ಗುಣ. ಪುಟ್ಟಿಯಂಥ ಪೂಡಲ್ ತಾಯಿ ಯಾರ ಜೊತೆ ಕೂಡಿದರೂ ಮರಿಗಳಿಗೆ ಗಡ್ಡ ಬರುತ್ತದೆ, ಆದ್ದರಿಂದ ಗಡ್ಡ ನೋಡಿ ತಂದೆಯನ್ನು ಹೇಳಲಾಗದು. ಉದ್ದ ಹಾಗಲ್ಲ. ಗಿಡ್ಡ ಕೂದಲು ಪ್ರಬಲ, ಉದ್ದ ಕೂದಲು ದುರ್ಬಲ. ಪೂಡಲ್‌ನದೂ ಉದ್ದ, ಕಾಕರ್‌ನದೂ ಉದ್ದ, ಹಾಗಾಗಿ ಇವರಿಬ್ಬರ ಎಲ್ಲ ಮರಿಗಳದ್ದೂ ಉದ್ದವೇ. ಗಿಡ್ಡ ಕೂದಲಿನ ಬೀದಿ ನಾಯಿ ತಂದೆಯಾಗಿದ್ದರೆ ಮರಿಗಳು ತೆಂಗಿನ ನಾರಿನಂಥ ಒರಟು ಗಿಡ್ಡ ಮೈ, ಮುಖದಲ್ಲಿ ಕುರುಚಲು ಗಡ್ಡ ಹೊತ್ತು ಬೆಳೆಯುತ್ತಿದ್ದವು. ಮೂರು ತಿಂಗಳು ತುಂಬುವ ಹೊತ್ತಿಗೆ ಇದು ಎಂಥವರಿಗೂ ಕಾಣುತ್ತದೆ. ನಿಮ್ಮ ಫೋಟೊಗಳಲ್ಲಿ ಐದನೆಯ ವಾರಕ್ಕೇ ಕಿವಿಯ ಅಂಚು ದಾಟಿದ ಅಲೆಯಲೆ ಕೂದಲು ಆರೂ ಮರಿಗಳಲ್ಲಿ ಕಾಣುತ್ತಿದೆ.

ಒಂದು ಮಾತನ್ನು ಮುಚ್ಚಿಡಬಾರದು. ನಾಯಿಗಳಲ್ಲಿ ಒಂದೇ ಸೂಲಿನ ಮರಿಗಳಿಗೆ ಇಬ್ಬರು ತಂದೆಯರು ಇರುವುದುಂಟು. ಬೆದೆಗೆ ಬಂದ ಹೆಣ್ಣಿನ ಅಂಡಗಳು ಕೆಲವು ದಿನ ಜೀವಂತವಿರುತ್ತವೆ, ಗಂಡಿನ ವೀರ್ಯವೂ ಒಳಗೆ ಹಲವು ದಿನ ಬದುಕುತ್ತದೆ, ಆ ನಡುವೆ ಎರಡನೆಯ ಗಂಡು ಸೇರಿದರೆ ಅವನ ಮರಿಗಳೂ ಹುಟ್ಟುತ್ತವೆ. ಕುವೆಂಪುನಗರಕ್ಕೆ ಹೋಗುವ ಮೊದಲಿನ ಮತ್ತು ಅಲ್ಲಿಂದ ಮನೆಗೆ ಕರೆತಂದ ಮೇಲಿನ ಒಂದೊಂದು ವಾರ ಪುಟ್ಟಿ ಗೇಟು ದಾಟಿರಲಿಲ್ಲ ಎಂದು ನಿಮಗೆ ಖಾತ್ರಿ ಇದ್ದರೆ ಈ ಅನುಮಾನವನ್ನೂ ಬಿಟ್ಟುಬಿಡಿ. ಅಷ್ಟಾದರೂ ಭಾವನವರಿಗೆ ಸಮಾಧಾನವಾಗದಿದ್ದರೆ ಪುಟ್ಟಿ, ರಾಜ, ಮರಿಗಳ ಕೆನ್ನೆಯ ಒಳಗಿನಿಂದ ಮಾದರಿ ತೆಗೆದು ಡಿಎನ್‌ಎ ಪರೀಕ್ಷೆ ಮಾಡಿಸಬಹುದು. ಅದು ಮಾತ್ರ ಕಡೆಯ ತೀರ್ಪು.

ಈಗ ಬೆಲೆಯ ಮಾತು. ಇದರಲ್ಲಿ ನನ್ನ ಅಭಿಪ್ರಾಯ ಕಠಿಣವಾಗಿದೆ. ಐದು ವಾರದ ಮರಿಯ ಬಣ್ಣಕ್ಕೆ ಬೆಲೆ ಕಟ್ಟುವುದು ಮೋಸಕ್ಕೆ ದಾರಿ. ಆ ಬಣ್ಣ ಉಳಿಯುವುದಿಲ್ಲ. ನಿಮ್ಮ ಮನೆಯಲ್ಲೇ ಪುಟ್ಟಿ ಸಾಕ್ಷಿಯಾಗಿ ಓಡಾಡುತ್ತಿದ್ದಾಳೆ. ಇದ್ದಿಲಿನಂತಿದ್ದವಳು ಈಗ ಬೂದುಗಪ್ಪು ಏಕಾದಳು? ಪೂಡಲ್‌ಗಳಲ್ಲಿ ಕೂದಲನ್ನು ನಿಧಾನವಾಗಿ ನರೆಸುವ ಒಂದು ಗುಣವಿದೆ. ಇದು ಮುಪ್ಪಿನ ನರೆ ಅಲ್ಲ, ಎಳವೆಯಲ್ಲೇ ಶುರುವಾಗುತ್ತದೆ. ಕಪ್ಪಾಗಿ ಹುಟ್ಟಿ ಬೆಳ್ಳಿಯಾಗುವವೂ ಇವೆ, ನೀಲಿಬೂದು ಆಗುವವೂ ಇವೆ. ಬಣ್ಣ ಒಂದು ಹದಕ್ಕೆ ನಿಲ್ಲಲು ಎರಡು ವರ್ಷ, ಕೆಲವಕ್ಕೆ ಇನ್ನೂ ಹೆಚ್ಚು ಹಿಡಿಯುತ್ತದೆ. ಈ ಗುಣ ಒಂದು ಪ್ರತಿಯಿದ್ದರೂ ಕಾಣಿಸಿಕೊಳ್ಳುವುದರಿಂದ ನಿಮ್ಮ ಎರಡು ಕಪ್ಪು ಮರಿಗಳಿಗೂ ಹುಬ್ಬಿನ ಮರಿಗೂ ಅದು ಬಂದಿರುವ ಸಾಧ್ಯತೆ ಕನಿಷ್ಠ ಅರ್ಧಕ್ಕರ್ಧ.

ಹಲವು ವರ್ಷಗಳ ಹಿಂದೆ ಸರಸ್ವತಿಪುರದ ಒಂದು ಕುಟುಂಬ ಎರಡು ವರ್ಷದ ನಾಯಿಯನ್ನು ನನ್ನ ಬಳಿ ತಂದಿತು. ಕಪ್ಪು ಮರಿ ಎಂದು ಕೊಂಡಿದ್ದರು, ಈಗ ಹೊಗೆಯ ಬಣ್ಣ. ಯಕೃತ್ತಿನ ತೊಂದರೆಯೆಂದು ಯಾರೋ ಹೇಳಿ, ಒಂದು ವರ್ಷದಿಂದ ಔಷಧಿ, ಪಥ್ಯ, ಬೇಯಿಸಿದ ಬೀಟ್‌ರೂಟ್ ಎಲ್ಲ ನಡೆದಿತ್ತು. ನಾಯಿಗೆ ಏನೂ ಆಗಿರಲಿಲ್ಲ. ಅಜ್ಜಿಯೊಬ್ಬರು ಅದರ ಬೆನ್ನು ಸವರುತ್ತಾ, “ಇವನ ಕಪ್ಪು ಎಲ್ಲಿ ಹೋಯಿತಪ್ಪ” ಎಂದು ಕಣ್ಣೀರು ಹಾಕಿದ್ದು ಇಂದಿಗೂ ನೆನಪಿದೆ. ಮರಿ ಕೊಡುವಾಗ ಒಂದು ಮಾತು ಹೇಳಿದ್ದರೆ ಆ ಮನೆಯವರಿಗೆ ಒಂದು ವರ್ಷದ ಆತಂಕ ತಪ್ಪುತ್ತಿತ್ತು.

ನರೆಯುವ ಮರಿಯನ್ನು ಮುಂಚೆಯೇ ಗುರುತಿಸಲು ಒಂದು ಉಪಾಯವಿದೆ. ಆರೇಳು ವಾರವಾದಾಗ ಮೂತಿಯ ಮೇಲಿನ ಮತ್ತು ಪಾದದ ಕೂದಲನ್ನು ಚರ್ಮದ ಹತ್ತಿರಕ್ಕೆ ಜೋಪಾನವಾಗಿ ಕತ್ತರಿಸಿ ನೋಡಿ. ತುದಿ ಕಪ್ಪಾಗಿದ್ದು ಬುಡ ಬೂದಿಯಂತೆ ತೆಳುವಾಗಿದ್ದರೆ ಆ ಮರಿ ಬೆಳ್ಳಿಯತ್ತ ಹೊರಟಿದೆ ಎಂದು ತಿಳಿಯಿರಿ. ಪುಟ್ಟಿಯಂತೆ ನಿಧಾನವಾಗಿ ನರೆಯುವ ಮರಿಗಳಲ್ಲಿ ಇಷ್ಟು ಬೇಗ ಗೊತ್ತಾಗುವುದಿಲ್ಲ. ಅಲ್ಲೊಂದು ಇಲ್ಲೊಂದು ಬಿಳಿ ಎಳೆ ಒಂದು ವರ್ಷದ ಸುಮಾರಿಗೆ ಕಾಣತೊಡಗುತ್ತದೆ.

ಹೊಂಬಣ್ಣದ ಮರಿಗಳೂ ಬದಲಾಗುತ್ತವೆ. ನಿಮ್ಮ ಕಡೆಯ ಆಲೆಮನೆಯಲ್ಲಿ ಅಚ್ಚಿನಿಂದ ಈಗಷ್ಟೇ ಬಿಡಿಸಿದ ಬೆಲ್ಲದ ಬಣ್ಣ ಈ ಎರಡು ಮರಿಗಳದ್ದು. ಬೆಲ್ಲ ಇಟ್ಟಷ್ಟೂ ಕಪ್ಪಾಗುತ್ತದೆ, ಇವು ಬೆಳೆದಷ್ಟೂ ತಿಳಿಯಾಗುತ್ತವೆ. ಪೂಡಲ್ ರಕ್ತವಿರುವ ಕೆಂಪು ಮರಿ ಏಪ್ರಿಕಾಟ್‌ಗೆ, ಏಪ್ರಿಕಾಟ್ ಕೆನೆಗೆ ಇಳಿಯುವುದು ಸಾಮಾನ್ಯ ಅನುಭವ. ಮೈ ತಿಳಿಯಾದರೂ ಕಿವಿ ಹೆಚ್ಚು ಕಾಲ ಗಾಢವಾಗಿ ಉಳಿಯುತ್ತದೆ. ಎಳೆಯ ಕೂದಲು ಹೋಗಿ ದೊಡ್ಡ ನಾಯಿಯ ಕೂದಲು ಬರುವ ಒಂದು ವರ್ಷದ ಆಸುಪಾಸಿನಲ್ಲಿ ಬದಲಾವಣೆ ಎದ್ದು ಕಾಣುತ್ತದೆ. ಅದೇ ಸಮಯದಲ್ಲಿ ಕೂದಲು ಜಡೆಗಟ್ಟುವುದೂ ಹೆಚ್ಚು. ಮರಿ ಒಯ್ಯುವವರಿಗೆ ದಿನವೂ ಬುಡದವರೆಗೆ ಬಾಚಲು, ಮಳೆಗಾಲದಲ್ಲಿ ಕಿವಿಯ ಹಿಂದೆ ಉಣ್ಣೆ ಹುಳು ಹುಡುಕಲು ಈಗಲೇ ಹೇಳಿಕೊಡಿ.

ಹಂಡ ಮರಿಯ ಬಿಳಿಯೂ ಹೀಗೇ ಇರುತ್ತದೆ ಎನ್ನಲಾಗದು. ಕಾಕರ್ ಸ್ಪ್ಯಾನಿಯೆಲ್‌ಗಳಲ್ಲಿ ಬಿಳಿ ಜಾಗದಲ್ಲಿ ಚುಕ್ಕೆ ಎಬ್ಬಿಸುವ ಗುಣ ಸಾಮಾನ್ಯ. ರಾಜನ ಮೈಮೇಲೆ ಬಿಳಿಯೇ ಇಲ್ಲದ್ದರಿಂದ ಅವನಲ್ಲಿ ಅದು ಇದ್ದರೂ ನಮಗೆ ತಿಳಿಯದು. ಡಾಲ್ಮೇಷಿಯನ್ ಮರಿಗಳು ಚುಕ್ಕೆಯಿಲ್ಲದೆ ಹುಟ್ಟಿ ವಾರಗಳ ಮೇಲೆ ಚುಕ್ಕೆ ತಳೆಯುವಂತೆ ಇದರ ಕಾಲುಗಳಲ್ಲೂ ಮೂತಿಯಲ್ಲೂ ಹೊಂಬಣ್ಣದ ಚುಕ್ಕೆಗಳು ಏಳಬಹುದು. ಆದರೆ ಈ ಮರಿಯ ವಿಷಯದಲ್ಲಿ ಚುಕ್ಕೆಗಿಂತ ಮುಖ್ಯವಾದದ್ದು ಕಿವಿ ಕೇಳಿಸುವುದು. ಒಳಕಿವಿಯ ಕೆಲಸಕ್ಕೂ ಬಣ್ಣದ ಕೋಶಗಳು ಬೇಕು. ಮೈಯಲ್ಲಿ ಬಿಳಿ ಬಹಳ ಹೆಚ್ಚಿದ್ದು, ಅದು ತಲೆ ಮತ್ತು ಕಿವಿಯವರೆಗೂ ಹಬ್ಬಿದ್ದರೆ ಕಿವುಡಿನ ಅಪಾಯ ಏರುತ್ತದೆ. ನಿಮ್ಮ ಮರಿಯ ಎರಡೂ ಕಿವಿಗೆ ಹೊಂಬಣ್ಣ ಬಂದಿರುವುದು ಒಳ್ಳೆಯ ಲಕ್ಷಣ. ಆದರೂ ಅದು ಒಂದೇ ಮಲಗಿರುವಾಗ, ಉಳಿದ ಮರಿಗಳನ್ನು ಬೇರೆ ಕೋಣೆಯಲ್ಲಿಟ್ಟು, ಹಿಂದಿನಿಂದ ಒಂದು ಸ್ಟೀಲ್ ಲೋಟಕ್ಕೆ ಚಮಚದಿಂದ ತಟ್ಟಿ. ನೆಲ ಅದುರಬಾರದು, ನಿಮ್ಮ ನೆರಳು ಅದಕ್ಕೆ ಕಾಣಬಾರದು. ಕಿವಿ ನಿಮಿರಿ ತಲೆ ತಿರುಗಿದರೆ ಸರಿ. ಒಂದೇ ಕಿವಿಯ ಕಿವುಡು ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ, ಆದರೆ ಮನೆನಾಯಿಯಾಗಿ ಬಾಳಲು ಅದು ದೊಡ್ಡ ಅಡ್ಡಿಯೂ ಅಲ್ಲ.

ಹುಬ್ಬಿನದೂ ಹಂಡದ್ದೂ ಅಪರೂಪ ಎಂಬ ಮಾತಿಗೆ ಉತ್ತರ ಮೇಲೆಯೇ ಇದೆ. ಹಂಡ ಮರಿ ನಾಲ್ಕಕ್ಕೊಂದು ಹುಟ್ಟಬಹುದು, ಹುಬ್ಬಿನ ನಮೂನೆ ಈ ತಳಿಗಳಲ್ಲಿ ಪರಿಚಿತವೇ; ಎರಡೂ ಅಪರೂಪವಲ್ಲ. ಅಂತರರಾಷ್ಟ್ರೀಯ ಶ್ವಾನ ಒಕ್ಕೂಟದ ಮಾನದಂಡದಲ್ಲಿ ಶುದ್ಧ ಪೂಡಲ್ ಮೈಯೆಲ್ಲ ಒಂದೇ ಬಣ್ಣದ್ದಾಗಿರಬೇಕು. ಕಪ್ಪು, ಬಿಳಿ, ಕಂದು, ಬೂದು, ಏಪ್ರಿಕಾಟ್, ಕೆಂಪು. ಹುಬ್ಬು-ಹಂಡಗಳಿಗೆ ಅಲ್ಲಿ ಮನ್ನಣೆಯೇ ಇಲ್ಲ. ಮಿಶ್ರತಳಿಗೆ ಆ ನಿಯಮ ಅನ್ವಯಿಸುವುದಿಲ್ಲ ನಿಜ, ಆದರೆ ಅಲ್ಲಿ ದೋಷ ಎನ್ನಿಸಿಕೊಂಡದ್ದನ್ನು ಇಲ್ಲಿ ಅಪರೂಪವೆಂದು ಮಾರುವವರನ್ನು ನಂಬಬೇಡಿ. ಅವರು ಈಗಲೇ ಮರಿ ಕೊಂಡೊಯ್ಯುತ್ತೇನೆ ಎಂದರೂ ಕೊಡಬೇಡಿ. ನಾಯಿ ತಳಿ ಸಂವರ್ಧನೆ ಮತ್ತು ಮಾರಾಟದ ಬಗ್ಗೆ 2017ರಲ್ಲಿ ಬಂದ ಕೇಂದ್ರದ ನಿಯಮಗಳು ಎಂಟು ವಾರದೊಳಗಿನ ಮರಿಯನ್ನು ಮಾರುವುದನ್ನು ನಿಷೇಧಿಸುತ್ತವೆ. ಕಾನೂನು ಹಾಗಿರಲಿ, ಕಚ್ಚಿದರೆ ನೋವಾಗುತ್ತದೆ ಎಂಬ ಪಾಠವನ್ನು ಮರಿ ಕಲಿಯುವುದು ಈ ಮೂರು ವಾರಗಳಲ್ಲಿ, ತಾಯಿ ಮತ್ತು ಒಡಹುಟ್ಟಿದವರ ನಡುವೆ.

ಮರ್ಲ್ ಗಂಡಿನ ಸಲಹೆಯನ್ನು ಖಂಡಿತ ತಳ್ಳಿಹಾಕಿ. ಮರ್ಲ್ ಎಂದರೆ ಕಪ್ಪು ಬಣ್ಣ ಅಲ್ಲಲ್ಲಿ ತೊಳೆದಂತಾಗಿ ಬೂದು ಮೈಮೇಲೆ ಕಪ್ಪು ತೇಪೆಗಳು ಉಳಿಯುವ ನಮೂನೆ. ನೋಡಲು ಚೆಂದವೇ, ಅಲ್ಲವೆನ್ನುವುದಿಲ್ಲ. ಆದರೆ ಎರಡು ಮರ್ಲ್ ನಾಯಿಗಳು ಕೂಡಿದರೆ ನಾಲ್ಕಕ್ಕೊಂದು ಮರಿಗೆ ಆ ವಂಶವಾಹಿ ಎರಡೂ ಕಡೆಯಿಂದ ಬರುತ್ತದೆ; ಅಂಥವುಗಳಲ್ಲಿ ಕಿವುಡು, ಕಣ್ಣಿನ ದೋಷ, ಕೆಲವೊಮ್ಮೆ ಕಣ್ಣೇ ಬೆಳೆಯದಿರುವುದು ಕಾಣುತ್ತದೆ. ಪುಟ್ಟಿ ಮರ್ಲ್ ಅಲ್ಲವಲ್ಲ, ಏನು ತೊಂದರೆ ಎಂದು ಕೇಳಬಹುದು. ಮರ್ಲ್ ಕೆಲಸ ಮಾಡುವುದು ಕಪ್ಪಿನ ಮೇಲೆ. ಪುಟ್ಟಿಗೆ ಹುಟ್ಟುವ ಹೊಂಬಣ್ಣದ ಮರಿಗಳಲ್ಲಿ ಅದು ಇದ್ದರೂ ಕಣ್ಣಿಗೆ ಬೀಳುವುದಿಲ್ಲ. ಯಾರೋ ಅರಿಯದೆ ಆ ಹೊಂಬಣ್ಣದ ನಾಯಿಯನ್ನು ಮುಂದೆ ಇನ್ನೊಂದು ಮರ್ಲ್‌ಗೆ ಕೂಡಿಸುತ್ತಾರೆ. ಕುರುಡು ಮರಿ ಹುಟ್ಟುವುದು ಆಗ, ನಿಮಗೆ ಗೊತ್ತಿಲ್ಲದ ಯಾವುದೋ ಮನೆಯಲ್ಲಿ.

ಪುಟ್ಟಿಗೆ ಇನ್ನೊಂದು ಸೂಲು ಬೇಕೇ ಎಂಬುದನ್ನೇ ಯೋಚಿಸಿ. ಬೇಡವೆಂದರೆ ಮರಿಗಳು ಹಾಲು ಬಿಟ್ಟ ಮೇಲೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ನನ್ನ ಸಲಹೆಯೂ ಅದೇ. ಬೇಕೇ ಬೇಕು ಎಂದಾದರೆ ಬಣ್ಣದ ಮಾತು ಬಿಟ್ಟು ಕಣ್ಣಿನ ಪರೀಕ್ಷೆ ಮೊದಲು ಆಗಲಿ. ಪೂಡಲ್ ಮತ್ತು ಕಾಕರ್ ಸ್ಪ್ಯಾನಿಯೆಲ್ ಎರಡರಲ್ಲೂ ಅಕ್ಷಿಪಟಲ ಕ್ರಮೇಣ ಕ್ಷೀಣಿಸಿ ಕುರುಡಾಗಿಸುವ ಒಂದೇ ಅನುವಂಶಿಕ ರೋಗವಿದೆ. ಮೊದಲು ಇರುಳುಗಣ್ಣು, ಆಮೇಲೆ ಹಗಲಿನ ದೃಷ್ಟಿಯೂ ಹೋಗುತ್ತದೆ. ಹಂಡ ಬಂದ ದಾರಿಯಲ್ಲೇ ಇದೂ ಬರುತ್ತದೆ: ಆರೋಗ್ಯವಾಗಿ ಕಾಣುವ ತಂದೆಯಿಂದ ಒಂದು ಪ್ರತಿ, ಆರೋಗ್ಯವಾಗಿ ಕಾಣುವ ತಾಯಿಯಿಂದ ಒಂದು. ಇವರಿಬ್ಬರಲ್ಲಿ ಅಡಗಿದ್ದ ಎಷ್ಟು ಬಣ್ಣಗಳು ಒಟ್ಟಿಗೆ ಹೊರಬಂದವು ಎಂದು ನೋಡಿದಿರಲ್ಲ, ಆದ್ದರಿಂದಲೇ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ಕೆನ್ನೆಯ ಮಾದರಿಯಿಂದಲೇ ಇದಕ್ಕೂ ಪರೀಕ್ಷೆಯಿದೆ. ಇಬ್ಬರಲ್ಲಿ ಒಬ್ಬರಾದರೂ ಪೂರ್ತಿ ಸ್ವಚ್ಛ, ಅಂದರೆ ರೋಗದ ಪ್ರತಿ ಒಂದೂ ಇಲ್ಲ, ಎಂದು ಬಂದರೆ ಈ ಆರು ಮರಿಗಳಲ್ಲಿ ಯಾವುದೂ ಈ ರೋಗದಿಂದ ಕುರುಡಾಗುವುದಿಲ್ಲ ಎಂದು ಮರಿ ಒಯ್ಯುವವರಿಗೆ ನೀವು ಧೈರ್ಯವಾಗಿ ಹೇಳಬಹುದು.

ಇದಕ್ಕೆ ರಾಜನ ಮಾದರಿಯೂ ಬೇಕು, ಕುವೆಂಪುನಗರಕ್ಕೆ ಹೋಗಲು ನಿಮಗೊಂದು ಕಾರಣ ಸಿಕ್ಕಿತು. ಮರಿಗಳಿಗೆ ಮೊದಲ ಲಸಿಕೆಯಾದ ಮೇಲೆ ಹೊರಡಿ. ಹೊಂಬಣ್ಣದ ಎರಡರಲ್ಲಿ ಒಂದನ್ನು ಎತ್ತಿಕೊಂಡು ಹೋಗಿ ಭಾವನವರ ಮಡಿಲಲ್ಲಿ ಕೂರಿಸಿ. ಬಿಸಿಲು ಬೀಳುವ ಜಗುಲಿಯಲ್ಲಿ, ರಾಜನನ್ನು ಪಕ್ಕದಲ್ಲಿಟ್ಟುಕೊಂಡು, ಎರಡರ ಬೆನ್ನಿನ ಕೂದಲನ್ನೂ ಅವರೇ ಊದಿ ನೋಡಲಿ.